ಸೀರೆಯ ಮೇಲಿನ ಸ್ವೆಟರು: ರವಿಕೆಯ ಮಾದರಿ ಕಾಗದವನ್ನು ಹೆಣಿಗೆ ಬಟ್ಟೆಗೆ ಅಳವಡಿಸುವ ಕ್ರಮ

ಮುಂಭಾಗ ತೆರೆದಿದ್ದು ಗುಂಡಿ ಹಾಕಿಕೊಳ್ಳಲು ಬರುವ ಸ್ವೆಟರಿಗೆ ಕಾರ್ಡಿಗನ್ ಎಂದು ಹೆಸರು. 1854ರಲ್ಲಿ ಕ್ರಿಮಿಯಾ ಯುದ್ಧದ ಬಾಲಕ್ಲಾವ ಕದನದಲ್ಲಿ ಇಂಗ್ಲಿಷರ ಲಘು ಅಶ್ವದಳವನ್ನು ನಡೆಸಿದ ಜೇಮ್ಸ್ ಬ್ರೂಡೆನೆಲ್ ಎಂಬಾತನು ಕಾರ್ಡಿಗನ್ನಿನ ಏಳನೆಯ ಅರ್ಲ್ ಆಗಿದ್ದನು; ಆತನ ಆ ಪದವಿಯಿಂದ ಉಡುಪಿಗೆ ಈ ಹೆಸರು ಬಂದಿತು. ಕದನ ನಡೆದ ಊರಿನ ಹೆಸರಾದರೋ ತಲೆ, ಕಿವಿ, ಕತ್ತುಗಳನ್ನು ಒಟ್ಟಿಗೆ ಮುಚ್ಚುವ ಹೆಣಿಗೆಯ ಟೋಪಿಗೆ ಅಂಟಿಕೊಂಡಿತು. ಅದನ್ನೇ ನಾವು ಮಂಕಿ ಟೋಪಿ ಎನ್ನುವುದು. ಮಾರ್ಗಶಿರ ಪುಷ್ಯ ಮಾಸಗಳ ಬೆಳಗಿನಲ್ಲಿ ಲಾಲ್‌ಬಾಗಿನಲ್ಲಿಯೂ ಸ್ಯಾಂಕಿ ಕೆರೆಯ ಏರಿಯ ಮೇಲೆಯೂ ನಡೆದಾಡುವ ಹಿರಿಯರ ಮೈಮೇಲೆ ಒಂದೇ ಯುದ್ಧದ ಈ ಎರಡು ಸ್ಮಾರಕಗಳು ಜೊತೆಯಾಗಿ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನ ಮನೆಮಾತಿನಲ್ಲಿ ತಲೆಯ ಮೇಲಿಂದ ಹಾಕಿಕೊಳ್ಳುವುದೂ ಸ್ವೆಟರು, ಮುಂದೆ ತೆರೆದಿರುವುದೂ ಸ್ವೆಟರು. ಪ್ರಸ್ತುತ ಲೇಖನದಲ್ಲಿ ನಾವು ಎರಡನೆಯ ಬಗೆಯದನ್ನು ಮಾತ್ರ ವಿಚಾರಿಸುತ್ತೇವೆ; ಅದರಲ್ಲಿಯೂ ಸೀರೆಯ ಮೇಲೆ ತೊಡುವಂಥ, ಸಡಿಲವಾದ, ಮನೆಯ ಹೊಲಿಗೆ ಯಂತ್ರದಲ್ಲಿಯೇ ಸಿದ್ಧವಾಗುವ ಸ್ವೆಟರನ್ನು.

ಇಂಥದೊಂದು ಉಡುಪನ್ನು ಮನೆಯಲ್ಲಿ ಹೊಲಿಯುವ ಅಗತ್ಯವೇನು ಎಂಬ ಪ್ರಶ್ನೆ ಸಹಜವಾದುದೇ. ಬೆಂಗಳೂರಿನ ಚಳಿ ದೊಡ್ಡದಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್ ಜನವರಿಗಳ ಬೆಳಗಿನ ಜಾವದ ಉಷ್ಣತೆ ಸರಾಸರಿ 16 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಇರುತ್ತದೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ. ಆದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳು ಬೇಸಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವು. ಎತ್ತರದ ಚಾವಣಿ, ಗಾಳಿಗಿಂಡಿ, ಕೆಂಪು ಗಾರೆಯ ನೆಲ, ನಡುವೆ ತೆರೆದ ಹಿತ್ತಿಲು: ಇವೆಲ್ಲ ಏಪ್ರಿಲ್ಲಿನಲ್ಲಿ ವರವಾದಂತೆ ಜನವರಿಯಲ್ಲಿ ಶಾಪವಾಗುತ್ತವೆ. ಆಷಾಢದ ಗಾಳಿಯಲ್ಲಿಯೂ ಹೀಗೆಯೇ. ಯುವಕರಿಗೆ ಇದು ಹಿತಕರವಾದ ಹವೆ. ಎಪ್ಪತ್ತು ದಾಟಿದ ಹೆಂಗಸಿಗೆ ಕೀಲುನೋವಿನ ಕಾಲ. ಆಕೆಗೆ ಅಂಗಡಿಯ ಸ್ವೆಟರು ಹಲವು ಕಾರಣಗಳಿಂದ ಒಗ್ಗುವುದಿಲ್ಲ. ಸಿದ್ಧ ಉಡುಪಿನ ಅಳತೆಯು ಅಂಗಿ ತೊಟ್ಟ ದೇಹವನ್ನು ಲೆಕ್ಕಕ್ಕೆ ಹಿಡಿದುದು. ಎಡಭುಜದ ಮೇಲೆ ಮಡಿಕೆಯಾಗಿ ಕುಳಿತ ಸೆರಗನ್ನಾಗಲಿ, ಸೊಂಟದಲ್ಲಿ ಸಿಕ್ಕಿಸಿದ ನೆರಿಗೆಯ ಗಾತ್ರವನ್ನಾಗಲಿ ಅದು ಅರಿಯದು. ಎದೆಗೆ ಸರಿಯಾದ ಸ್ವೆಟರು ಸೊಂಟದಲ್ಲಿ ಗುಂಡಿ ಸೇರದು. ಸೊಂಟಕ್ಕೆ ಸರಿಯಾದುದರ ತೋಳು ಬೆರಳಿನವರೆಗೆ ಇಳಿದು ಅಡಿಗೆಮನೆಯ ನೀರಿನಲ್ಲಿ ತೋಯುತ್ತದೆ. ಭುಜದ ಕೀಲು ಬಿಗಿದವರಿಗೆ ಇಕ್ಕಟ್ಟಾದ ತೋಳಿನೊಳಗೆ ಕೈ ತೂರಿಸುವುದೇ ಒಂದು ಯಾತನೆ. ಇದರ ಫಲವಾಗಿ ಮಗ ತಂದ ಬೆಲೆಬಾಳುವ ಸ್ವೆಟರು ಬೀರುವಿನಲ್ಲಿ ಉಳಿಯುತ್ತದೆ. ಅಜ್ಜಿ ಹಳೆಯ ಶಾಲನ್ನೇ ಹೊದೆದುಕೊಂಡು ಚಳಿಗಾಲವನ್ನು ಕಳೆಯುತ್ತಾಳೆ. ಶಾಲು ಬೆಚ್ಚಗಿರಬಹುದು, ಆದರೆ ಎರಡು ಕೈಗಳಲ್ಲಿ ಒಂದು ಅದನ್ನು ಹಿಡಿದುಕೊಂಡೇ ಇರಬೇಕು. ಉರಿಯುವ ಒಲೆಯ ಮುಂದೆ ಅದು ಅಪಾಯಕರವೂ ಹೌದು.

ನಮ್ಮ ನಾಡಿನಲ್ಲಿ ಉಣ್ಣೆಗೆ ಕೊರತೆಯಿರಲಿಲ್ಲ. ಚಿತ್ರದುರ್ಗ, ಚಳ್ಳಕೆರೆಗಳ ಕಡೆಯ ಕುರುಬರು ನೇಯುವ ಕಂಬಳಿ ಇಂದಿಗೂ ಪ್ರಸಿದ್ಧವಾಗಿದೆ. ಆದರೆ ದಖ್ಖನಿನ ಕುರಿಯ ಉಣ್ಣೆ ಒರಟು. ಹೊದೆಯಲು, ಹಾಸಲು, ಮಳೆಯಲ್ಲಿ ತಲೆಯ ಮೇಲೆ ಎಳೆದುಕೊಳ್ಳಲು ತಕ್ಕುದೇ ಹೊರತು ಮೈಗೆ ತಾಗುವ ಮೃದುವಾದ ಹೆಣಿಗೆಗೆ ತಕ್ಕುದಲ್ಲ. 1884ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯೂ ಕಂಬಳಿಗೆ ಹೆಸರಾಗಿತ್ತು. ಆ ಗಿರಣಿ ಈಗಿಲ್ಲ. ಬಿನ್ನಿಪೇಟೆ ಎಂಬ ಹೆಸರು ಉಳಿದಿದೆ. ಸ್ವೆಟರಿನ ವ್ಯಾಪಾರವು ಬೇರೆ ದಾರಿಯಲ್ಲಿ ಬಂದಿತು. 1960ರ ದಶಕದಲ್ಲಿ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರು ಚಳಿಗಾಲದಲ್ಲಿ ನಗರಗಳಿಗೆ ಬಂದು ಲೂಧಿಯಾನದ ಸ್ವೆಟರುಗಳನ್ನು ಮಾರುವುದು ರೂಢಿಯಾಯಿತು. ಅವರ ಸರಕು ಉತ್ತರ ದೇಶದ ಚಳಿಗೆ ಹೆಣೆದದ್ದು. ಬೆಳಗಿನ ಎಂಟು ಗಂಟೆಯ ವೇಳೆಗೆ ಬಿಸಿಲೇರುವ ಈ ಊರಿಗೆ ದಪ್ಪ ಉಣ್ಣೆಗಿಂತ ಹತ್ತಿಯ ಅಥವಾ ಹತ್ತಿ ಬೆರೆತ ಹೆಣಿಗೆ ಬಟ್ಟೆಯೇ ಹೆಚ್ಚು ಸರಿಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ತಮಿಳುನಾಡಿನ ತಿರುಪ್ಪೂರಿನಲ್ಲಿ ಇಂಥ ಬಟ್ಟೆ ಹೇರಳವಾಗಿ ತಯಾರಾಗುತ್ತದೆ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಉಳಿದ ಥಾನುಗಳೂ ಪೇಟೆಗೆ ಬರುತ್ತವೆ. ಆ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು. ಆದರೆ ಒಬ್ಬಳು ದಿನವಿಡೀ ಕೊರಳಪಟ್ಟಿಯನ್ನೇ, ಮತ್ತೊಬ್ಬಳು ತೋಳನ್ನೇ ಜೋಡಿಸುವುದು ಅಲ್ಲಿಯ ಕ್ರಮವಾದುದರಿಂದ, ಸಾವಿರಾರು ಉಡುಪುಗಳನ್ನು ಮುಟ್ಟಿದ ಕೈಗೂ ಒಂದು ಇಡೀ ಉಡುಪನ್ನು ಕತ್ತರಿಸಿ ಹೊಲಿಯುವ ಸಂದರ್ಭ ಒದಗುವುದು ಅಪರೂಪ.

ಈಗ ಬಟ್ಟೆಯ ರಚನೆಯನ್ನು ನೋಡೋಣ. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳೆಂಬ ಎರಡು ನೂಲಿನ ಸಮೂಹಗಳು ಲಂಬವಾಗಿ ಹಾಯ್ದು ಒಂದನ್ನೊಂದು ಬಂಧಿಸುತ್ತವೆ. ನೂಲು ಹೆಚ್ಚುಕಡಿಮೆ ನೇರವಾಗಿಯೇ ಇರುವುದರಿಂದ ಎಳೆದರೆ ಹಿಗ್ಗುವುದಕ್ಕೆ ಅವಕಾಶವಿಲ್ಲ. ಹೆಣಿಗೆ ಬಟ್ಟೆಯಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಒಂದೇ ನೂಲು ಕುಣಿಕೆ ಕುಣಿಕೆಯಾಗಿ ಸಾಗಿ, ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನ ಕುಣಿಕೆಯೊಳಗಿಂದ ತೂರಿ ಬರುತ್ತದೆ. ಅಡ್ಡಲಾಗಿ ಎಳೆದಾಗ ಕುಣಿಕೆಗಳು ಚಪ್ಪಟೆಯಾಗಿ ಅಗಲವಾಗುತ್ತವೆ, ಉದ್ದಕ್ಕೆ ಎಳೆದಾಗ ಕಿರಿದಾಗಿ ಉದ್ದವಾಗುತ್ತವೆ. ನೂಲು ಹಿಗ್ಗುವುದಿಲ್ಲ, ಕುಣಿಕೆಯ ಆಕಾರ ಮಾತ್ರ ಬದಲಾಗುತ್ತದೆ. ಸಾಮಾನ್ಯವಾಗಿ ಅಡ್ಡದ ಹಿಗ್ಗು ಉದ್ದದ್ದಕ್ಕಿಂತ ಹೆಚ್ಚು. ಈ ಒಂದು ಮಾತನ್ನು ಗ್ರಹಿಸಿದರೆ ಮುಂದಿನ ಕ್ರಮಗಳಿಗೆಲ್ಲ ಕಾರಣ ದೊರೆಯುತ್ತದೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರವನ್ನು ರಚಿಸಿದಂದಿನಿಂದ ಯಂತ್ರಗಳು ಬಹಳ ಬದಲಾಗಿವೆ. ಕುಣಿಕೆಯ ತತ್ತ್ವ ಅದೇ ಇದೆ.

ಕೈಯಲ್ಲಿ ಹೆಣೆಯುವವರು ಬಟ್ಟೆಯನ್ನು ಸಾಮಾನ್ಯವಾಗಿ ಕತ್ತರಿಸುವುದಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಬಾಣಂತಿಯ ಮನೆಗೆ ಕುಲಾವಿಯನ್ನೂ ಕಾಲುಚೀಲವನ್ನೂ ಹೆಣೆದುಕೊಡುತ್ತಿದ್ದ ಹಿರಿಯ ಹೆಂಗಸರು ಕಡ್ಡಿಯ ಮೇಲೆ ಕುಣಿಕೆಗಳನ್ನು ಏರಿಸಿ ಇಳಿಸಿ ಆಕಾರವನ್ನು ಕೊಡುತ್ತಿದ್ದರು. ಅಂಚು ಎಲ್ಲೆಲ್ಲಿಯೂ ಭದ್ರ. ಅಂಥವರ ಮುಂದೆ ಹೆಣಿಗೆ ಬಟ್ಟೆಗೆ ಕತ್ತರಿ ಹಾಕಿದರೆ ಅವರು ಹೌಹಾರುವುದು ಸಹಜ; ಕತ್ತರಿಸಿದ ಕಡೆ ಕುಣಿಕೆ ಆಧಾರ ತಪ್ಪಿ, ಒಂದರ ಹಿಂದೆ ಒಂದು ಬಿಚ್ಚುತ್ತ ಏಣಿಯಂತೆ ಇಳಿಯುತ್ತದೆ. ಹೆಣಿಗೆ ಸಡಿಲವಾದಷ್ಟೂ ಈ ಭಯ ಹೆಚ್ಚು. ಆದಕಾರಣ ಸಡಿಲ ಹೆಣಿಗೆಯ ಬಟ್ಟೆಯನ್ನು ಕತ್ತರಿಸುವ ಮುನ್ನವೇ ಹೊಲಿಯಬೇಕು. ವಿಚಿತ್ರವೆನಿಸಿದರೂ ಕ್ರಮ ಇದೇ: ಸೀಮೆಸುಣ್ಣದಿಂದ ಕತ್ತರಿಸುವ ಗೆರೆಯನ್ನು ಎಳೆದು, ಅದಕ್ಕೆ ಕಾಲಂಗುಲ ಒಳಗೆ ಒಂದು ಸುತ್ತು ಹೊಲಿಗೆ ಹಾಕಿ, ಅನಂತರ ಗೆರೆಯ ಮೇಲೆ ಕತ್ತರಿ ನಡೆಸಬೇಕು. ಹೊಲಿಗೆಗೆಂದು ಬಿಡುವ ಅಂಚು ಅರ್ಧ ಅಂಗುಲವಾದರೆ ಈ ಕಾವಲು ಹೊಲಿಗೆ ಸರಿಯಾಗಿ ಅದರ ನಡುವೆ ಬಿದ್ದು, ಸಿದ್ಧವಾದ ಉಡುಪಿನಲ್ಲಿ ಕಾಣದೆ ಹೋಗುತ್ತದೆ. ಒತ್ತಾಗಿ ಹೆಣೆದ, ಎರಡು ಮುಖವೂ ಒಂದೇ ತೆರನಾಗಿರುವ ಇಂಟರ್‌ಲಾಕ್ ಬಟ್ಟೆಗೆ ಇದು ಬೇಕಾಗದು. ಅದರ ಅಂಚು ಸುರುಳಿಯೂ ಆಗದು. ಬನಿಯನ್ನಿನಲ್ಲಿ ಕಾಣುವ ಜರ್ಸಿ ಬಟ್ಟೆಯಾದರೋ ಕತ್ತರಿಸಿದೊಡನೆ ಸುರುಳಿ ಸುತ್ತುತ್ತದೆ: ಮೇಲಿನ ಕೆಳಗಿನ ಅಂಚುಗಳು ಮುಂಬದಿಗೆ, ಪಕ್ಕದ ಅಂಚುಗಳು ಹಿಂಬದಿಗೆ. ಮೊದಲ ಸಲ ಹೊಲಿಯುವವರು ಇಂಟರ್‌ಲಾಕನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಬಟ್ಟೆಯನ್ನು ತಂದೊಡನೆ ಒಗೆದು ಒಣಗಿಸಬೇಕು. ಹತ್ತಿಯ ಹೆಣಿಗೆ ಮೊದಲ ಒಗೆತದಲ್ಲಿ ಉದ್ದಕ್ಕೆ ಗಣನೀಯವಾಗಿ ಕುಗ್ಗುತ್ತದೆ. ನೂರಕ್ಕೆ ಆರರಷ್ಟು ಕುಗ್ಗಿತೆಂದುಕೊಂಡರೂ 25 ಅಂಗುಲದ ಸ್ವೆಟರು 23½ ಅಂಗುಲಕ್ಕೆ ಇಳಿದು ಬೆನ್ನಿನ ಕೆಳಭಾಗ ಚಳಿಗೆ ಬಯಲಾಗುತ್ತದೆ. ಅನಂತರ ಹಿಗ್ಗಿನ ಪರೀಕ್ಷೆ. ಅಡ್ಡಕ್ಕೆ 4 ಅಂಗುಲದ ಎರಡು ಗುರುತುಗಳನ್ನು ಮಾಡಿ, ಕಷ್ಟಪಡದೆ ಎಷ್ಟು ದೂರ ಎಳೆಯಬಹುದೋ ಅಷ್ಟು ಎಳೆದು ಅಳೆಯಬೇಕು. 5 ಅಂಗುಲವಾದರೆ ಹಿಗ್ಗು ನೂರಕ್ಕೆ ಇಪ್ಪತ್ತೈದು. ನಮ್ಮ ಕೆಲಸಕ್ಕೆ ಇಷ್ಟು ಧಾರಾಳವಾಗಿ ಸಾಕು. ಹಿಗ್ಗುವುದಕ್ಕಿಂತ ಮುಖ್ಯವಾದುದು ಬಿಟ್ಟೊಡನೆ ಹಿಂದಿನ ಅಳತೆಗೆ ಮರಳುವುದು. ಮರಳದ ಬಟ್ಟೆ ಎಷ್ಟು ಚೆನ್ನಾಗಿದ್ದರೂ ಬೇಡ. ಅದರ ಮೊಣಕೈ ಒಂದು ತಿಂಗಳಿನಲ್ಲಿ ಚೀಲವಾಗುತ್ತದೆ.

ಮಾದರಿ ಕಾಗದದ ವಿಷಯಕ್ಕೆ ಬರೋಣ. ವಿದೇಶಗಳಲ್ಲಿ ಅಚ್ಚಾದ ಮಾದರಿ ಕಾಗದಗಳು ಅಂಗಡಿಯಲ್ಲಿ ದೊರೆಯುತ್ತವೆ. ನಮ್ಮ ಮನೆಗಳಲ್ಲಿ ಇರುವುದು ರವಿಕೆಯ ಕಾಗದ. ಹೊಲಿಗೆ ಕಲಿತ ಮನೆಯಲ್ಲಿ ತಾಯಿಯ ಅಳತೆಯದು, ಅತ್ತೆಯ ಅಳತೆಯದು, ಹಳೆಯ ಪತ್ರಿಕೆಯ ಹಾಳೆಯಲ್ಲಿ ಕತ್ತರಿಸಿ ಮಡಿಸಿಟ್ಟದ್ದು ಯಂತ್ರದ ಖಾನೆಯಲ್ಲಿ ಸಿಕ್ಕುತ್ತದೆ. ಸಡಿಲ ಉಡುಪಿಗೆ ಜುಬ್ಬದ ಕಾಗದವೇ ಹತ್ತಿರವಲ್ಲವೆ ಎಂದು ಕೆಲವರು ಕೇಳಬಹುದು. ಆಕಾರದಲ್ಲಿ ಹತ್ತಿರವೇನೋ ನಿಜ. ಆದರೆ ತೊಡುವವಳ ಭುಜದ ಇಳಿಜಾರು, ಬೆನ್ನಿನ ಅಗಲ, ಎದೆಯ ಎತ್ತರ ಇವುಗಳನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ನಿಖರವಾಗಿ ಹಿಡಿದಿಟ್ಟಿರುವುದು ಆಕೆಯ ರವಿಕೆಯ ಕಾಗದ. ಅದನ್ನು ಸಡಿಲಿಸುವುದು ಸುಲಭ. ಜುಬ್ಬದ ಕಾಗದಕ್ಕೆ ದೇಹವನ್ನು ಕಲಿಸುವುದು ಕಷ್ಟ. ಆದುದರಿಂದ ನಾವು ರವಿಕೆಯ ಪಕ್ಷವನ್ನು ಹಿಡಿಯುತ್ತೇವೆ.

ಹಾಗೆಂದು ರವಿಕೆಯ ಕಾಗದವನ್ನು ಸುತ್ತಲೂ ಎರಡಂಗುಲ ದೊಡ್ಡದು ಮಾಡಿದರೆ ಸ್ವೆಟರು ಆಗುವುದಿಲ್ಲ. ಮನೆಯ ಹೊಲಿಗೆಯಲ್ಲಿ ಬಹಳವಾಗಿ ಕಂಡುಬರುವ ದೋಷ ಇದೇ. ಸುತ್ತಲೂ ಹಿಗ್ಗಿಸಿದಾಗ ಕೊರಳೂ ಹಿಗ್ಗಿ ಉಡುಪು ಭುಜದಿಂದ ಜಾರುತ್ತದೆ, ಕಂಕುಳು ಅಳತೆ ಮೀರಿ ಇಳಿದು ಕೈಯೆತ್ತಿದರೆ ಇಡೀ ಉಡುಪು ಮೇಲೇಳುತ್ತದೆ. ಎಲ್ಲಿ ಎಷ್ಟು ಸೇರಿಸಬೇಕೆಂಬುದನ್ನು ಒಂದು ಉದಾಹರಣೆಯಿಂದ ವಿವರಿಸುತ್ತೇವೆ.

ಎದೆಯ ಸುತ್ತು 36 ಅಂಗುಲವಿರುವ ಒಬ್ಬಾಕೆಯನ್ನು ಊಹಿಸೋಣ. ಆಕೆಯ ರವಿಕೆಯ ಸುತ್ತು ಸಿದ್ಧವಾದಾಗ 37. ಅಂದರೆ ಕಾಗದದ ನಾಲ್ಕನೆಯ ಒಂದು ಪಾಲು, ಡಾರ್ಟಿನ ಮಡಿಕೆಯನ್ನು ಬಿಟ್ಟು, 9¼ ಅಂಗುಲ. ಸ್ವೆಟರಿಗೆ ಅಳತೆ ತೆಗೆಯುವಾಗ ಆಕೆ ಸೀರೆಯುಟ್ಟು, ಸೆರಗನ್ನು ಎಂದಿನಂತೆ ಹೊದೆದು ನಿಂತಿರಬೇಕು. ಇದು ಬಹಳ ಮುಖ್ಯ. ಹೀಗೆ ಅಳೆದಾಗ ಎದೆಯ ಸುತ್ತು 38, ಸೊಂಟದ ಕೆಳಗೆ ಅತಿ ಅಗಲವಾದ ಕಡೆ 42 ಬಂದಿತೆನ್ನಿ. ನೇಯ್ದ ಬಟ್ಟೆಯಲ್ಲಿ ಇಂಥ ಮೇಲುಡುಪಿಗೆ ಆರಂಗುಲದಷ್ಟು ಸಡಿಲು ಬೇಕಾದೀತು. ಹೆಣಿಗೆ ಬಟ್ಟೆ ತಾನೇ ಹಿಗ್ಗುವುದರಿಂದ ನಾಲ್ಕು ಸಾಕು. ಎದೆಯಲ್ಲಿ 42, ಕೆಳ ಅಂಚಿನಲ್ಲಿ 44 ಎಂದು ನಿಶ್ಚಯಿಸೋಣ. ಕಾಲುಪಾಲು ಕ್ರಮವಾಗಿ 10½, 11. ಹಾಗಾದರೆ ಎದೆಯ ಮಟ್ಟದಲ್ಲಿ ಪ್ರತಿ ಪಾಲಿಗೂ 1¼ ಅಂಗುಲ ಸೇರಬೇಕು.

ಇದನ್ನು ಪೂರ್ತಿಯಾಗಿ ಪಕ್ಕಕ್ಕೆ ಸೇರಿಸಬಾರದು. ಭುಜದ ನಡುವಿನಿಂದ ಕೆಳ ಅಂಚಿನವರೆಗೆ ಕಾಗದವನ್ನು ನೇರವಾಗಿ ಸೀಳಿ, ಎರಡು ತುಂಡುಗಳನ್ನು ಅರ್ಧ ಅಂಗುಲ ದೂರ ಸರಿಸಿ ಅಡಿಯಲ್ಲಿ ಬೇರೆ ಕಾಗದ ಅಂಟಿಸಬೇಕು. ಉಳಿದ ಮುಕ್ಕಾಲು ಅಂಗುಲವನ್ನು ಪಕ್ಕದಲ್ಲಿ ಸೇರಿಸಬೇಕು. ಇದರಿಂದ ಭುಜ ತಾನಾಗಿಯೇ ಅರ್ಧ ಅಂಗುಲ ಉದ್ದವಾಗುತ್ತದೆ. ಅದರ ತುದಿಗೆ ಇನ್ನರ್ಧ ಅಂಗುಲ ಸೇರಿಸಿದರೆ ಹೊಲಿಗೆಯು ಭುಜದ ಮೂಳೆಯಿಂದ ಒಂದಂಗುಲ ಹೊರಗೆ ಇಳಿದು, ಎಡಗಡೆಯ ಸೆರಗಿನ ಮಡಿಕೆಗೂ ರವಿಕೆಯ ತೋಳಿಗೂ ಅವಕಾಶ ಸಿಕ್ಕುತ್ತದೆ. ಭುಜ ಇಳಿದಷ್ಟು ತೋಳಿನ ಉದ್ದವನ್ನು ಕಳೆಯಲು ಮರೆಯಬಾರದು. ಬೆನ್ನಿನ ನಡುಗೆರೆಯಿಂದ ಭುಜದ ತುದಿಗೆ 7 ಅಂಗುಲ, ಅಲ್ಲಿಂದ ಬಳೆಗಳಿಗಿಂತ ತುಸು ಮೇಲಕ್ಕೆ 17 ಅಂಗುಲ ಇದ್ದರೆ ಒಟ್ಟು 24. ಹೊಸ ಕಾಗದದಲ್ಲಿ ಭುಜ 8 ಆದುದರಿಂದ ತೋಳು 16. ಒಟ್ಟು ಮೊತ್ತ ಬದಲಾಗಬಾರದು. ಅಂಗಡಿಯ ಸ್ವೆಟರಿನ ತೋಳು ಬೆರಳಿನವರೆಗೆ ಇಳಿಯುವುದಕ್ಕೆ ಬಹುಮಟ್ಟಿಗೆ ಕಾರಣ ಈ ಕಳೆಯುವ ಲೆಕ್ಕ ಆಕೆಯ ದೇಹಕ್ಕೆ ಸರಿಯಾಗಿ ನಡೆಯದೆ ಇರುವುದೇ.

ಡಾರ್ಟುಗಳನ್ನು ಪೂರ್ಣವಾಗಿ ಕೈಬಿಡಬಹುದು. ನೇಯ್ದ ಬಟ್ಟೆಯು ಎದೆಯ ಉಬ್ಬನ್ನು ಅನುಸರಿಸಬೇಕಾದರೆ ಮಡಿಕೆ ಹಿಡಿಯಲೇಬೇಕು; ಹೆಣಿಗೆಯಲ್ಲಿ ಕುಣಿಕೆಗಳೇ ಅಲ್ಲಲ್ಲಿ ಅಗಲಗೊಂಡು ಉಬ್ಬನ್ನು ತುಂಬಿಕೊಳ್ಳುತ್ತವೆ. ಎದೆ ತುಂಬಿದ ಮೈಕಟ್ಟಿನವರಿಗೆ ಮಾತ್ರ ಮುಂಭಾಗದ ಕೆಳ ಅಂಚಿನ ನಡುವಿನಲ್ಲಿ ಮುಕ್ಕಾಲು ಅಂಗುಲ ಹೆಚ್ಚು ಬಿಟ್ಟು ಪಕ್ಕದ ಕಡೆಗೆ ಕ್ರಮವಾಗಿ ಇಳಿಸಬೇಕು. ಇಲ್ಲದಿದ್ದರೆ ಮುಂದೆ ಗಿಡ್ಡವಾಗಿ ಕಾಣುತ್ತದೆ. ರವಿಕೆಯ ಬೆನ್ನಿನ ಕೊರಳು ಆಳವಾಗಿರುವುದರಿಂದ ಅದನ್ನು ಮೇಲಕ್ಕೆ ಏರಿಸಿ, ಅಗಲ ನಡುಗೆರೆಯಿಂದ 3 ಅಂಗುಲ, ಆಳ ಮುಕ್ಕಾಲು ಅಂಗುಲ ಇಟ್ಟರೆ ಸಾಕು. ಚಳಿ ಮೊದಲು ಹಿಡಿಯುವುದು ಕತ್ತಿನ ಹಿಂಭಾಗವನ್ನು. ಮುಂಗೊರಳು ಎದೆಯ ಮಟ್ಟಕ್ಕೆ ಓರೆಯಾಗಿ ಇಳಿಯಲಿ.

ತೋಳಿನ ವಿಚಾರದಲ್ಲಿ ಕೊಂಚ ನಿಧಾನಿಸಬೇಕಾಗಿದೆ. ತೊಡುವವಳಿಗೆ ಸುಖವೋ ಕಷ್ಟವೋ ಎಂಬುದು ನಿರ್ಣಯವಾಗುವುದು ಇಲ್ಲಿಯೇ. ರವಿಕೆಯ ತೋಳಿನ ತಲೆ ಎತ್ತರವಾಗಿ, ಕಿರಿದಾಗಿ ಇರುತ್ತದೆ. ಕೈ ಇಳಿಬಿಟ್ಟಾಗ ಅದು ಸುಕ್ಕಿಲ್ಲದೆ ಅಂದವಾಗಿ ಕಾಣುತ್ತದೆ, ಕೈಯೆತ್ತಿದಾಗ ಹಿಡಿಯುತ್ತದೆ. ತಲೆಯ ಎತ್ತರವನ್ನು ತಗ್ಗಿಸಿದರೆ ತೋಳು ಅಗಲವಾಗಿ, ಪಕ್ಕಕ್ಕೆ ಚಾಚಿದ ಕೈಯ ನಿಲುವಿಗೆ ಹತ್ತಿರವಾಗುತ್ತದೆ. ಕೈ ಇಳಿಬಿಟ್ಟಾಗ ಕಂಕುಳಲ್ಲಿ ಕೆಲವು ಸುಕ್ಕುಗಳು ಬೀಳುತ್ತವೆ. ಭುಜ ನೋಯುವವರು ಈ ಸುಕ್ಕನ್ನು ಸಂತೋಷದಿಂದ ಸಹಿಸುತ್ತಾರೆ. ಲೆಕ್ಕ ಹೀಗೆ: ಕಂಕುಳನ್ನು ರವಿಕೆಗಿಂತ 1½ ಅಂಗುಲ ಇಳಿಸಿ, ಭುಜದ ತುದಿಯಿಂದ ನೇರವಾಗಿ ಕೆಳಕ್ಕೆ 8 ಅಂಗುಲ ಇಟ್ಟೆವೆನ್ನಿ. ಆಗ ಭುಜದ ತುದಿಯಿಂದ ಪಕ್ಕದ ಹೊಲಿಗೆಯವರೆಗೆ ಬಾಗಿದ ಗೆರೆ ಸುಮಾರು 8¾ ಅಂಗುಲವಾಗುತ್ತದೆ. ಅದಕ್ಕೆ ಕೂಡುವ ತೋಳಿನ ತಲೆಯ ಪ್ರತಿ ಅರ್ಧದ ಓರೆಗೆರೆಯನ್ನು 8½ ಎಂದು ಹಿಡಿಯೋಣ. ಬಾಗು ಬರೆದಾಗ ಉಳಿದದ್ದು ಸರಿಹೋಗುತ್ತದೆ. ಓರೆಗೆರೆ ಕರ್ಣ, ತಲೆಯ ಎತ್ತರ ಒಂದು ಭುಜ, ತೋಳಿನ ಅರ್ಧ ಅಗಲ ಇನ್ನೊಂದು ಭುಜ. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಯ ಅಳತೆಗೆ ಬಂದ ನಿಯಮವೇ ಇಲ್ಲಿ ಸ್ವೆಟರಿನ ತೋಳಿಗೆ ಬರುತ್ತದೆ. ತಲೆಯ ಎತ್ತರ 5 ಅಂಗುಲವಾದರೆ ತೋಳಿನ ಅಗಲ ಸುಮಾರು 13¾. 4 ಆದರೆ 15. 3 ಆದರೆ ಸುಮಾರು 16. ಮೇಲ್ತೋಳಿನ ಸುತ್ತು 12 ಅಂಗುಲವಿರುವವರಿಗೆ ರವಿಕೆಯ ತೋಳೂ ಸೇರಿ 15 ಹಿತವಾಗಿರುತ್ತದೆ. ಆದ್ದರಿಂದ 4 ಅಂಗುಲದ ಎತ್ತರವನ್ನು ಆರಿಸುತ್ತೇವೆ. ಭುಜದ ಕೀಲು ತೀರ ಬಿಗಿದಿರುವವರಿಗೆ 3. ರವಿಕೆಯ ತೋಳಿನ ಕಾಗದವನ್ನು ಇಲ್ಲಿ ಪಕ್ಕಕ್ಕಿಟ್ಟು ಹೊಸದನ್ನೇ ಬರೆಯುವುದು ಲೇಸು.

ಬಟ್ಟೆ ಎಷ್ಟು ಬೇಕು? 60 ಅಂಗುಲ ಅಗಲದ ಬಟ್ಟೆಯಲ್ಲಿ ಬೆನ್ನು ಮತ್ತು ಎರಡು ಮುಂಭಾಗಗಳು ಒಂದೇ ಸಾಲಿನಲ್ಲಿ ಕೂರುತ್ತವೆ. 25 ಅಂಗುಲ ಉದ್ದಕ್ಕೆ ಹೊಲಿಗೆಯ ಅಂಚು, ಕೆಳಮಡಿಕೆ ಸೇರಿ 27. ಅದರ ಕೆಳಗೆ ಎರಡು ತೋಳುಗಳಿಗೆ 18. ಒಟ್ಟು 45 ಅಂಗುಲ. ಕುಗ್ಗುವಿಕೆಯನ್ನು ಗಣಿಸಿ ಒಂದೂವರೆ ಮೀಟರ್ ತರಬೇಕು. ಹೆಣಿಗೆ ಬಟ್ಟೆಯನ್ನು ಕೆಲವು ಕಡೆ ತೂಕದ ಮೇಲೆ ಮಾರುತ್ತಾರೆ. ಚದರ ಮೀಟರಿಗೆ 240 ಗ್ರಾಂ ತೂಗುವ ಬಟ್ಟೆಯಾದರೆ ಇದು ಸುಮಾರು 550 ಗ್ರಾಂ ಆಗುತ್ತದೆ. ಚಿಕ್ಕಪೇಟೆಗೆ ಹೊರಡುವ ಮೊದಲು ಈ ಲೆಕ್ಕವನ್ನು ಮಾಡಿಟ್ಟುಕೊಂಡರೆ ಅರ್ಧ ಕಿಲೋವಿನ ತುಂಡನ್ನು ಕಟ್ಟಿಸಿಕೊಂಡು ಬಂದು ಪೇಚಾಡುವುದು ತಪ್ಪುತ್ತದೆ. ಕತ್ತರಿಸಲು ಮೇಜಿಗಿಂತ ನೆಲ ಉತ್ತಮ. ಮೇಜಿನ ಅಂಚಿನಿಂದ ಜೋತುಬಿದ್ದ ಬಟ್ಟೆ ತನ್ನ ಭಾರದಿಂದಲೇ ಹಿಗ್ಗಿ ಅಳತೆಯನ್ನು ತಪ್ಪಿಸುತ್ತದೆ. ಹಳೆಯ ಮನೆಯ ನಡುಮನೆಯ ಕೆಂಪು ನೆಲದ ಮೇಲೆ ಬಟ್ಟೆ ಪೂರ್ತಿಯಾಗಿ ಮಲಗಿರುತ್ತದೆ.

ಇನ್ನು ಹೊಲಿಗೆ. 1846ರಲ್ಲಿ ಎಲಿಯಾಸ್ ಹೌ ಪೇಟೆಂಟು ಪಡೆದ ಯಂತ್ರದಲ್ಲಿಯೂ ಇಂದು ಮನೆಯಲ್ಲಿ ಕಾಲಿನಿಂದ ತುಳಿಯುವ ಉಷಾ, ಸಿಂಗರ್ ಯಂತ್ರಗಳಲ್ಲಿಯೂ ಹೊಲಿಗೆಯ ಬಗೆ ಒಂದೇ: ಮೇಲಿನ ದಾರವೂ ಬಾಬಿನ್ನಿನ ದಾರವೂ ಬಟ್ಟೆಯ ನಡುವೆ ಒಂದನ್ನೊಂದು ಕೊಂಡಿ ಹಾಕಿಕೊಂಡು ನೇರವಾಗಿ ಸಾಗುತ್ತವೆ. ಬಟ್ಟೆ ನೂರಕ್ಕೆ ಇಪ್ಪತ್ತೈದು ಹಿಗ್ಗಿದಾಗ ನೇರದ ದಾರಕ್ಕೆ ಹಿಗ್ಗಲು ಮಿಗುತಾಯವಿಲ್ಲ. ಪಟ್ಟನೆ ತುಂಡಾಗುತ್ತದೆ. ಅಂಕುಡೊಂಕು ಹೊಲಿಗೆ ಹಾಕುವ ಯಂತ್ರವಿದ್ದರೆ ತೊಂದರೆಯಿಲ್ಲ. ಪ್ರತಿ ಹೆಜ್ಜೆಗೂ ಮುಂದಕ್ಕೆ 1½ ಮಿಲಿಮೀಟರ್, ಪಕ್ಕಕ್ಕೆ 1½ ಮಿಲಿಮೀಟರ್ ಇಟ್ಟರೆ ದಾರ ಚೌಕದ ಕರ್ಣದ ಮೇಲೆ ನಡೆಯುತ್ತದೆ. ಚೌಕದ ಕರ್ಣ ಬಾಹುವಿನ 1.41 ಪಟ್ಟು. ಅಂದರೆ ಬಟ್ಟೆಯ ಹಿಗ್ಗಿಗಿಂತ ಹೆಚ್ಚಿನ ದಾರ ಹೊಲಿಗೆಯಲ್ಲಿ ಮೊದಲೇ ಕೂಡಿರುತ್ತದೆ.

ನೇರ ಹೊಲಿಗೆಯ ಯಂತ್ರ ಮಾತ್ರ ಇರುವವರು ನಿರಾಶರಾಗಬೇಕಾಗಿಲ್ಲ. ಬಟ್ಟೆ ಹೆಚ್ಚಾಗಿ ಹಿಗ್ಗುವುದು ಅಡ್ಡಕ್ಕೆ ಎಂದು ಹೇಳಿದೆವಷ್ಟೆ. ಪಕ್ಕದ ಹೊಲಿಗೆ, ತೋಳಿನ ಉದ್ದದ ಹೊಲಿಗೆ ಇವು ಉದ್ದಕ್ಕೆ ಸಾಗುವುವು. ಸಡಿಲವಾದ ಉಡುಪಿನಲ್ಲಿ ಇವುಗಳ ಮೇಲೆ ಎಳೆತ ಅಲ್ಪ. ಅಂಗುಲಕ್ಕೆ 12ರಿಂದ 14ರಷ್ಟು ಚಿಕ್ಕ ಹೊಲಿಗೆಯನ್ನು ಪಾಲಿಯೆಸ್ಟರ್ ದಾರದಲ್ಲಿ, ದಾರದ ಬಿಗಿಯನ್ನು ತುಸು ಸಡಿಲಿಸಿ ಹಾಕಿದರೆ ನಿಲ್ಲುತ್ತದೆ. ಕಂಕುಳಿನ ತಳ, ಬೆನ್ನಿನ ಕೊರಳು, ಕೆಳ ಅಂಚು ಈ ಮೂರು ಕಡೆ ಮಾತ್ರ ಕೈಹೊಲಿಗೆಯೇ ವಾಸಿ. ಒಂದು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ ಮುಂದಕ್ಕೆ ಹಾಕುವ ಹಳೆಯ ಕೈಹೊಲಿಗೆಯಲ್ಲಿ ದಾರ ಸಾಕಷ್ಟು ಸೇರಿರುವುದರಿಂದ ಅದು ಬಟ್ಟೆಯೊಡನೆ ಹಿಗ್ಗುತ್ತದೆ. ಯಂತ್ರದ ಸೂಜಿ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಬಗೆಯದಾಗಿರಬೇಕು. ಚೂಪಾದ ಸೂಜಿ ನೂಲನ್ನೇ ಕತ್ತರಿಸಿ ತೂತು ಮಾಡುತ್ತದೆ, ತೂತು ಮುಂದಿನ ಒಗೆತದಲ್ಲಿ ಏಣಿಯಾಗುತ್ತದೆ. ಬಟ್ಟೆ ಯಂತ್ರದ ಹಲ್ಲುಗಳಲ್ಲಿ ಸಿಕ್ಕಿ ಅಲೆಅಲೆಯಾಗುವುದನ್ನು ತಡೆಯಲು ಅಡಿಯಲ್ಲಿ ತೆಳುವಾದ ಬಿಳಿಯ ಕಾಗದವಿಟ್ಟು ಹೊಲಿದು, ಅನಂತರ ಕಾಗದವನ್ನು ಹರಿದು ತೆಗೆಯಬಹುದು. ಪತ್ರಿಕೆಯ ಕಾಗದ ಬೇಡ. ಅಚ್ಚಿನ ಮಸಿ ಹತ್ತುತ್ತದೆ.

ಭುಜದ ಹೊಲಿಗೆಯೊಂದು ಹಿಗ್ಗಲೇಬಾರದು. ಇಡೀ ಉಡುಪಿನ ಭಾರ ತೂಗುವುದು ಅದರಿಂದ. ಆ ಹೊಲಿಗೆಯೊಳಗೆ ಹತ್ತಿಯ ಕಿರಿದಾದ ಪಟ್ಟಿಯೊಂದನ್ನು ಸೇರಿಸಿ ಹೊಲಿಯಬೇಕು. ಮುಂಭಾಗದ ಗುಂಡಿಪಟ್ಟಿಗೂ ಇಂಥ ಆಸರೆ ಬೇಕು. ಇದಕ್ಕೆ ಬೆಂಗಳೂರಿನ ಹೆಂಗಸರ ಕೈಯಳತೆಯಲ್ಲಿಯೇ ಇರುವ ವಸ್ತು ಸೀರೆಯ ಫಾಲ್. ತೆಳುವಾದ, ಹಿಗ್ಗದ ಹತ್ತಿಯ ಪಟ್ಟಿ. ಎಲ್ಲ ಬಣ್ಣಗಳಲ್ಲಿಯೂ ಸಿಕ್ಕುತ್ತದೆ. ಒಗೆದು ಕುಗ್ಗಿಸಿದ ಮೇಲೆ ಬೇಕಾದ ಅಗಲಕ್ಕೆ ಕತ್ತರಿಸಿಕೊಳ್ಳಬಹುದು. ಮುಂಭಾಗಗಳನ್ನು ನಡುಗೆರೆಗಿಂತ ಮುಕ್ಕಾಲು ಅಂಗುಲ ಕಡಿಮೆ ಮಾಡಿ ಕತ್ತರಿಸಿ, ಅಲ್ಲಿಗೆ ಸಿದ್ಧವಾದಾಗ 1½ ಅಂಗುಲ ಅಗಲವಾಗುವ ಪಟ್ಟಿಯನ್ನು ಕೂಡಿಸಿದರೆ ಎರಡು ಪಟ್ಟಿಗಳು ನಡುಗೆರೆಯ ಮೇಲೆ ಸರಿಯಾಗಿ ಒಂದರ ಮೇಲೊಂದು ಕೂರುತ್ತವೆ. ಪಟ್ಟಿ ಇಮ್ಮಡಿಯಾಗಿರುವುದರಿಂದ ಹೊಲಿಗೆಯ ಅಂಚೂ ಸೇರಿ 4 ಅಂಗುಲ ಅಗಲ ಕತ್ತರಿಸಬೇಕು. ಮುಂದಿನ ಪಟ್ಟಿಗಳನ್ನು ಬಟ್ಟೆಯ ಉದ್ದಕ್ಕೆ ಕತ್ತರಿಸಿ ಒಳಗೆ ಫಾಲಿನ ತುಂಡನ್ನು ಇಡುವುದು. ಬೆನ್ನಿನ ಕೊರಳಿನ ಪಟ್ಟಿಯನ್ನು ಮಾತ್ರ ಅಡ್ಡಕ್ಕೆ ಕತ್ತರಿಸಿ, ಫಾಲನ್ನು ಇಡದೆ, ಕೊರಳಿನ ಬಾಗಿಗಿಂತ ಎಂಟನೆಯ ಒಂದು ಪಾಲು ಗಿಡ್ಡ ಮಾಡುವುದು. ಬಾಗು 6½ ಅಂಗುಲವಿದ್ದರೆ ಪಟ್ಟಿ ಹೊಲಿಗೆಯ ಅಂಚು ಬಿಟ್ಟು 5¾. ಎಳೆದು ಹೊಲಿದಾಗ ಅದು ಕತ್ತನ್ನು ಮೃದುವಾಗಿ ಅಪ್ಪುತ್ತದೆ. ಗುಂಡಿಯ ಕಾಜಾಗಳನ್ನು ಅಡ್ಡಕ್ಕೆ ಇಡದೆ ಪಟ್ಟಿಯ ಉದ್ದಕ್ಕೆ ಇಡಬೇಕು. ಬೆರಳಿನ ಗಂಟುಗಳು ನೋಯುವವರಿಗೆ ರವಿಕೆಯ ಹುಕ್ಕುಗಳೂ ಟಿಚ್ ಗುಂಡಿಗಳೂ ಕಷ್ಟ. ಮುಕ್ಕಾಲಂಗುಲದ ದೊಡ್ಡ ಗುಂಡಿ, ಕೊಂಚ ಸಡಿಲವಾದ ಕಾಜಾ ಅನುಕೂಲ. ನಾಲ್ಕು ಗುಂಡಿ ಸಾಕು.

ಬೆನ್ನು ಬಾಗಿದವರ ಅಳತೆಯಲ್ಲಿ ಒಂದು ವಿಶೇಷವುಂಟು. ಬೆನ್ನಿನ ಉದ್ದ ಹೆಚ್ಚಿ ಎದೆಯ ಕಡೆಯ ಉದ್ದ ಕಡಿಮೆಯಾಗಿರುವುದರಿಂದ ಸಾಧಾರಣ ಕಾಗದದ ಉಡುಪು ಹಿಂದಕ್ಕೆ ಜಗ್ಗಿ ಕೊರಳನ್ನು ಒತ್ತುತ್ತದೆ. ಬೆನ್ನಿನ ಕಾಗದವನ್ನು ಹೆಗಲ ಮೂಳೆಯ ಮಟ್ಟದಲ್ಲಿ ನಡುಗೆರೆಯಿಂದ ಕಂಕುಳಿನವರೆಗೆ ಅಡ್ಡಲಾಗಿ ಸೀಳಿ, ನಡುಗೆರೆಯ ಕಡೆ ಮುಕ್ಕಾಲು ಅಂಗುಲ ತೆರೆದು, ಕಂಕುಳಿನ ಕಡೆ ಏನೂ ತೆರೆಯದೆ ಅಂಟಿಸಬೇಕು. ನಡುಗೆರೆ ಬಾಗುತ್ತದೆ, ನೇರವಾಗಿ ತಿದ್ದಿ ಬರೆದಾಗ ಕೊರಳಿನ ಬಳಿ ಕೊಂಚ ಹೆಚ್ಚಿನ ಅಗಲ ಉಳಿಯುತ್ತದೆ. ಕೊರಳಪಟ್ಟಿಯನ್ನು ಎಳೆದು ಹೊಲಿಯುವಾಗ ಆ ಹೆಚ್ಚಳ ಅದರಲ್ಲಿ ಅಡಗಿಹೋಗುತ್ತದೆ. ನೇಯ್ದ ಬಟ್ಟೆಯಲ್ಲಿ ಇದೇ ತಿದ್ದುಪಡಿಗೆ ಕೊರಳಿನಲ್ಲಿ ಎರಡು ಡಾರ್ಟುಗಳು ಬೇಕಾಗುತ್ತಿದ್ದವು. ಮುಂಭಾಗದ ಉದ್ದವನ್ನು ಆಕೆಯನ್ನು ನಿಲ್ಲಿಸಿಯೇ ಅಳೆದು ಕಡಿಮೆ ಮಾಡಬೇಕು. ನೆಟ್ಟಗೆ ನಿಲ್ಲಿರೆಂದು ಹೇಳಿ ಅಳೆದರೆ ಆ ಅಳತೆ ಆಕೆ ತೊಡುವ ಸ್ವೆಟರಿನದಾಗುವುದಿಲ್ಲ.

ಕೆಳ ಅಂಚನ್ನು ಕೂಡಲೇ ಮಡಿಸಬಾರದು. ಉಳಿದೆಲ್ಲ ಹೊಲಿಗೆ ಮುಗಿದ ಮೇಲೆ ಉಡುಪನ್ನು ಒಂದು ರಾತ್ರಿ ತೂಗುಹಾಕಿ, ಸಡಿಲ ಹೆಣಿಗೆ ತನ್ನ ಭಾರಕ್ಕೆ ಎಷ್ಟು ಇಳಿಯುವುದೋ ಅಷ್ಟು ಇಳಿಯಲು ಬಿಡಬೇಕು. ಮರುದಿನ ಆಕೆಗೆ ಸೀರೆಯ ಮೇಲೆ ತೊಡಿಸಿ, ಕೆಳ ಅಂಚನ್ನು ನೆಲದಿಂದ ಸುತ್ತಲೂ ಸಮನಾಗಿ ಅಳೆದು ಗುರುತು ಮಾಡಿ ಕೈಯಲ್ಲಿ ಮಡಿಸಿ ಹೊಲಿಯುವುದು. ಆಮೇಲೆ ಎಂದೂ ಇದನ್ನು ಹಗ್ಗದ ಮೇಲೆ ಒಣಹಾಕಬಾರದು. ನೀರು ಹೀರಿದ ಹೆಣಿಗೆ ಭಾರಕ್ಕೆ ಉದ್ದವಾಗುತ್ತ ಹೋಗುತ್ತದೆ. ಹಿಂಡದೆ, ದಪ್ಪ ಟವಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಮಹಡಿಯ ನೆರಳಿನಲ್ಲಿ ಚಾಪೆಯ ಮೇಲೆ ಹರಡಿ, ತೋಳುಗಳನ್ನು ಕೈಯಿಂದ ಅಳತೆಗೆ ಸರಿಪಡಿಸಿ ಒಣಗಿಸಬೇಕು. ತಿದ್ದಿದ ಕಾಗದದ ಮೇಲೆ ಯಾರ ಅಳತೆ, ಯಾವ ವರ್ಷದ್ದು, ಯಾವ ಬಟ್ಟೆ, ಒಗೆದಾಗ ಎಷ್ಟು ಕುಗ್ಗಿತು ಎಂಬುದನ್ನು ಬರೆದು ರವಿಕೆಯ ಕಾಗದದೊಡನೆಯೇ ಮಡಿಸಿಡುವುದು.